ಕೆಲವೇ ಕೈಗಳ ಮೋಜಣಿ

ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗವು ಸಮುದ್ರಮಟ್ಟದಿಂದ ೩,೭೭೨ ಅಡಿಗಳ ಎತ್ತರದಲ್ಲಿರುವುದು. ಅದನ್ನು ಏರಿ ನಿಂತವರ ಕಣ್ಣಿಗೆ ಕೋಟೆಯ ಬುರುಜುಗಳಿಗಿಂತ ಮೊದಲು ತೋರುವುದು ಸುತ್ತಣ ಬಯಲಿನ ವಿಸ್ತಾರವೇ ಸರಿ. ಒಂದು ಕಡೆ ಸಿರಾ ಸೀಮೆಯ ಕೆಂಪು ನೆಲ, ಇನ್ನೊಂದು ಕಡೆ ಮಧುಗಿರಿಯ ಬಂಡೆಗಳ ಕಡೆಗೆ ಸಾಗುವ ಗುಡ್ಡಗಳ ಸಾಲು, ಉಳಿದ ಕಡೆಗಳಲ್ಲಿ ಆಂಧ್ರದ ಹೊಲಗಳು. ಈ ನೆಲದ ಮೇಲೆ ಗಡಿಗಳು ಹೇಗೆ ಹಾದುಹೋಗಿವೆಯೆಂಬುದನ್ನು ಕಣ್ಣು ಕಾಣಲಾರದು. ಅದನ್ನು ತಿಳಿಯಲು ನಕ್ಷೆಯನ್ನೇ ನೋಡಬೇಕು. ಹಾಗಾದರೆ ಆ ನಕ್ಷೆಯನ್ನು ಶಾಸ್ತ್ರರೀತಿಯಿಂದ ಮೊಟ್ಟಮೊದಲು ಬರೆದವರು ಯಾರು? ಎಷ್ಟು ಮಂದಿ ಸೇರಿ ಬರೆದರು? ಈ ಎರಡನೆಯ ಪ್ರಶ್ನೆಯನ್ನು ನಮ್ಮಲ್ಲಿ ಕೇಳುವವರು ವಿರಳ. ಆದರೆ ಉತ್ತರವು ಸೋಜಿಗವನ್ನುಂಟುಮಾಡತಕ್ಕದ್ದಾಗಿದೆ. ಒಂದು ದೊಡ್ಡ ಇಲಾಖೆಯು ಮಾಡಬೇಕಾದ ಕೆಲಸವನ್ನು ಬೆರಳೆಣಿಕೆಯ ಅಧಿಕಾರಿಗಳೂ, ಕೆಲವು ಹುಡುಗರೂ, ಕೆಲವು ಗುಮಾಸ್ತರೂ ಮಾಡಿದರು. ಅದೂ ಅವರ ಸಂಖ್ಯೆಯು ವರ್ಷವರ್ಷಕ್ಕೂ ಇಳಿಯುತ್ತಿದ್ದಾಗ ಮಾಡಿದರು. ಆ ಕಥೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಿಡುಗಲ್ಲಿನ ಪೂರ್ವಕಥೆಯನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಶಾಸನಗಳಲ್ಲಿ ಕಾಳಾಂಜನವೆಂಬ ಹೆಸರನ್ನೂ ಪಡೆದ ಈ ಗಿರಿಯು ಇರುಂಗೋಳನೆಂಬ ಹೆಸರನ್ನು ಮತ್ತೆ ಮತ್ತೆ ಧರಿಸಿದ ಚೋಳವಂಶದ ಅರಸರಿಗೆ ರಾಜಧಾನಿಯಾಗಿದ್ದಿತು. ಅವರು ಹೊಯ್ಸಳರೊಡನೆ ಬಹುಕಾಲ ಹೋರಾಡಿದರು. ಆಮೇಲೆ ಇದು ಪಾಳೆಯಗಾರರ ಕೈಸೇರಿ, ಕೊನೆಗೆ ಶ್ರೀರಂಗಪಟ್ಟಣದ ಅಧಿಕಾರಕ್ಕೆ ಒಳಪಟ್ಟಿತು. ಇಷ್ಟು ಮಾತನ್ನು ನಾವಿಂದು ಸಲೀಸಾಗಿ ಬರೆಯಲು ಸಾಧ್ಯವಾಗಿರುವುದು ಕಲ್ಲಿನ ಮೇಲಿನ ಬರಹವನ್ನೂ ಕಡತದ ಮೇಲಿನ ಬರಹವನ್ನೂ ಯಾರೋ ಕೂಡಿಸಿಟ್ಟುದರಿಂದ. ಕೂಡಿಸಿಡುವ ಆ ಕೆಲಸಕ್ಕೆ ನಮ್ಮ ನಾಡಿನಲ್ಲಿ ಅಡಿಗಲ್ಲಾದುದು ಕರ್ನಲ್ ಕಾಲಿನ್ ಮೆಕೆಂಜಿಯ ಮೈಸೂರು ಮೋಜಣಿ.

೧೭೯೯ನೆಯ ಇಸವಿ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು. ಮುಂದಿನ ತಿಂಗಳಲ್ಲಿಯೇ ಟಿಪ್ಪುವಿನ ರಾಜ್ಯವನ್ನು ಹಂಚಿಕೊಳ್ಳುವ ಒಡಂಬಡಿಕೆಯಾಯಿತು. ಒಂದು ಭಾಗವು ಕಂಪನಿಗೆ, ಒಂದು ಭಾಗವು ನಿಜಾಮನಿಗೆ, ಉಳಿದುದು ಮೈಸೂರಿನ ಒಡೆಯರಿಗೆ. ಹಂಚಿಕೆಯ ಪಟ್ಟಿಯಲ್ಲಿ ಊರುಗಳ ಮತ್ತು ಪರಗಣೆಗಳ ಹೆಸರುಗಳಿದ್ದುವೇ ಹೊರತು, ಯಾವ ಹಳ್ಳಿಯ ಎಲ್ಲೆಯು ಎಲ್ಲಿಗೆ ಮುಗಿಯುವುದೆಂದು ಸಹಿ ಹಾಕಿದವರಲ್ಲಿ ಯಾರೂ ಕಂಡಿರಲಿಲ್ಲ. ಉತ್ತರದ ಗಡಿಯಲ್ಲಿ ಈ ತೊಡಕು ಹೆಚ್ಚಾಗಿದ್ದಿತು. ಪೆನುಕೊಂಡೆ, ಮಡಕಶಿರೆಗಳ ಕಡೆಯ ಸೀಮೆಯು ನಿಜಾಮನ ಪಾಲಿಗೆ ಹೋಗಿ, ೧೮೦೦ರಲ್ಲಿ ಅವನಿಂದ ಕಂಪನಿಗೆ ಬಂದು, ‘ದತ್ತಮಂಡಲ’ದಲ್ಲಿ ಸೇರಿತು. ಪಾವಗಡ, ನಿಡುಗಲ್ಲುಗಳು ಮೈಸೂರಿನಲ್ಲಿ ಉಳಿದುವು. ಇಂದಿಗೂ ಪಾವಗಡ ತಾಲ್ಲೂಕಿನ ಬಹುಭಾಗವನ್ನು ಆಂಧ್ರದ ನೆಲವೇ ಸುತ್ತಿಕೊಂಡಿರುವುದಕ್ಕೆ ಅಂದಿನ ಹಂಚಿಕೆಯೇ ಮೂಲ.

ಅಳೆಯಬೇಕಾದ ನಾಡು ಆಗ ಯಾವ ಸ್ಥಿತಿಯಲ್ಲಿದ್ದಿತು? ಮೂರು ತಲೆಮಾರಿನ ದಂಡಿನ ಹಾವಳಿಯಿಂದ ಸಿರಾ, ಮಧುಗಿರಿ ಸೀಮೆಗಳು ಬಡವಾಗಿದ್ದುವು. ೧೬೮೭ರಿಂದ ಮೊಗಲರ ಸುಬಾಕ್ಕೆ ಮುಖ್ಯ ಪಟ್ಟಣವಾಗಿ ಮೆರೆದ ಸಿರಾದಿಂದ ಹನ್ನೆರಡು ಸಾವಿರ ಸಂಸಾರಗಳನ್ನು ಟಿಪ್ಪುವು ಎಬ್ಬಿಸಿಕೊಂಡು ಹೋಗಿ ಶ್ರೀರಂಗಪಟ್ಟಣದ ದ್ವೀಪದಲ್ಲಿ ತಾನು ಕಟ್ಟಿದ ಗಂಜಾಮಿನಲ್ಲಿ ನೆಲೆಗೊಳಿಸಿದನೆಂದು ಲೂಯಿ ರೈಸನು ತನ್ನ ಗೆಜೆಟಿಯರಿನಲ್ಲಿ ಬರೆದಿದ್ದಾನೆ. ಮರಾಟರ ದಂಡುಗಳು ಈ ದಾರಿಯಲ್ಲಿ ಮತ್ತೆ ಮತ್ತೆ ಹಾದುಹೋಗಿದ್ದುವು. ೧೮೦೦ರ ಮಳೆಗಾಲದಲ್ಲಿ ಈ ಕಡೆ ಬಂದ ಫ್ರಾನ್ಸಿಸ್ ಬುಕಾನನನ ದಿನಚರಿಯಲ್ಲಿ ಪಾಳುಬಿದ್ದ ಊರುಗಳ ಮಾತು ಅಲ್ಲಲ್ಲಿ ಬರುವುದು. ಆಳಿಲ್ಲದ ಊರಿನಲ್ಲಿ ಎಲ್ಲೆಯನ್ನು ತೋರಿಸುವವರೂ ಇಲ್ಲ. ಲೆಕ್ಕ ಹೇಳುವವರೂ ಇಲ್ಲ. ಹೀಗೆ ಅಳೆಯುವವರ ಕೊರತೆಯು ಒಂದು ಕಡೆಯಾದರೆ, ಹೇಳುವವರ ಕೊರತೆಯು ಮತ್ತೊಂದು ಕಡೆಯಾಗಿ, ಕೆಲಸವು ಮೊದಲಿನಿಂದಲೇ ಇಮ್ಮಡಿ ಕಷ್ಟದ್ದಾಯಿತು.

ಈ ಮೋಜಣಿಗೆ ನೇಮಕನಾದ ಮೆಕೆಂಜಿಯು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಹುಟ್ಟಿದವನು. ೧೭೮೩ರಲ್ಲಿ ಮದರಾಸಿಗೆ ಬಂದು ಕಂಪನಿಯ ಎಂಜಿನಿಯರುಗಳ ದಳದಲ್ಲಿ ಸೇರಿದವನು. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕೆಲಸಮಾಡಿದ್ದ ಈತನನ್ನು ಗವರ್ನರ್ ಜನರಲ್ ವೆಲ್ಲೆಸ್ಲಿಯು ಹೊಸ ಮೈಸೂರಿನ ಮೋಜಣಿಗೆ ಮುಖ್ಯಸ್ಥನನ್ನಾಗಿ ಮಾಡಿದನು. ಮೆಕೆಂಜಿಯು ಸಿದ್ಧಪಡಿಸಿದ ಯೋಜನೆಯು ಬರಿಯ ನಕ್ಷೆಗೆ ಸೀಮಿತವಾದುದಾಗಿರಲಿಲ್ಲ. ಬೆಟ್ಟ, ಹೊಳೆ, ಕೆರೆ, ದಾರಿಗಳ ಜೊತೆಗೆ ನೆಲದ ಗುಣ, ಬೆಳೆ, ಕೈಗಾರಿಕೆ, ಜನಸಂಖ್ಯೆ, ಹವೆ, ಗಿಡಮರ, ಖನಿಜ, ಅರಸುಮನೆತನಗಳ ಚರಿತ್ರೆ, ದೇವಸ್ಥಾನಗಳ ದತ್ತಿ, ಇವೆಲ್ಲವನ್ನೂ ಒಟ್ಟಿಗೇ ಸಂಗ್ರಹಿಸಬೇಕೆಂಬುದು ಅವನ ಆಸೆ. ಅಳೆಯಬೇಕಾದ ನೆಲವಾದರೋ ಸುಮಾರು ೪೦,೦೦೦ ಚದರ ಮೈಲಿ.

ಇಷ್ಟು ಕೆಲಸಕ್ಕೆ ಅವನಿಗೆ ಮೊದಲು ದೊರೆತ ಸಹಾಯಕರು ಯಾರು? ಹಿಂದೆ ಬಾರಾಮಹಲನ್ನು ಅಳೆದು ಅನುಭವಪಡೆದಿದ್ದ ಜಾನ್ ಮೇದರ್. ಎಂಜಿನಿಯರ್ ದಳದ ಆರ್ಥರ್. ೩೩ನೆಯ ಕಾಲಾಳುದಳದ ಲೆಫ್ಟೆನೆಂಟ್ ಜಾನ್ ವಾರೆನ್. ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆದ ಬೆಂಜಮಿನ್ ಹೈನ್. ಇವರಿಷ್ಟೇ ಪದವಿಯಲ್ಲಿದ್ದವರು. ಇವರ ಹಿಂದೆ ಮದರಾಸಿನಿಂದ ಬಂದ ಕೆಲವು ಎಳೆಯ ಶಿಷ್ಯರೂ, ದುಭಾಷಿ ಗುಮಾಸ್ತರೂ, ಸರಪಳಿ ಹಿಡಿಯುವ ಜವಾನರೂ ಇದ್ದರು. ನಾಲ್ಕು ಮಂದಿಗೆ ನಲವತ್ತು ಸಾವಿರ ಚದರ ಮೈಲಿಯೆಂದರೆ ತಲೆಗೆ ಹತ್ತು ಸಾವಿರವಾಯಿತು. ಅದರಲ್ಲಿಯೂ ಹೈನನು ಅಳೆಯುವವನಲ್ಲ.

ಇದ್ದವರಾದರೂ ಉಳಿದರೇ ಎಂದರೆ ಅದೂ ಇಲ್ಲ. ಯುದ್ಧದ ವೆಚ್ಚದಿಂದ ಬಳಲಿದ್ದ ಕಂಪನಿಯ ಡೈರೆಕ್ಟರುಗಳು ಲಂಡನ್ನಿನಲ್ಲಿ ಕುಳಿತು, ಮೋಜಣಿಗೆ ಗೊತ್ತುಮಾಡಿದ್ದ ಹಣವು ಹೆಚ್ಚಾಯಿತೆಂದು ಬಹು ಬೇಗನೆ ಕತ್ತರಿಯಾಡಿಸಿದರು. ಮೆಕೆಂಜಿಯ ಸ್ವಂತ ಭತ್ಯಕ್ಕೂ ಅದು ತಟ್ಟಿತು. ಹೈನನು ಬೆಂಗಳೂರಿನ ತೋಟದ ಕೆಲಸವನ್ನೂ ನೋಡಿಕೊಳ್ಳುತ್ತಿದ್ದು, ಕೆಲವೇ ವರ್ಷಗಳಲ್ಲಿ ಮೋಜಣಿಯನ್ನು ಬಿಟ್ಟನು. ವಾರೆನನು ಪೂರ್ವದ ಗಡಿಯನ್ನು ಅಳೆಯುತ್ತಿದ್ದಾಗ ೧೮೦೨ರಲ್ಲಿ ಕೋಲಾರದ ಮಾರಿಕುಪ್ಪದ ಬಳಿ ಚಿನ್ನದ ಸುಳಿವನ್ನು ಕಂಡು ವರದಿಮಾಡಿದವನು. ಮುಂದೆ ಅವನು ಲ್ಯಾಂಬ್‌ಟನ್ನನ ತ್ರಿಕೋಣಮಿತಿಯ ಕೆಲಸಕ್ಕೂ, ೧೮೦೫ರಲ್ಲಿ ಮದರಾಸಿನ ಜ್ಯೋತಿರ್ವೀಕ್ಷಣಾಲಯಕ್ಕೂ ಹೋದನು. ನಮ್ಮ ಪಂಚಾಂಗಗಳ ಗಣಿತವನ್ನು ಕುರಿತು ೧೮೨೫ರಲ್ಲಿ ‘ಕಾಲಸಂಕಲಿತ’ವೆಂಬ ಗ್ರಂಥವನ್ನು ಪ್ರಕಟಿಸಿದವನೂ ಈತನೇ. ಹೈನನ ಸ್ಥಾನಕ್ಕೆ ೧೮೦೪ರಲ್ಲಿ ಬಂದ ಕವಿ ಮತ್ತು ಬಹುಭಾಷಾ ಪಂಡಿತ ಡಾಕ್ಟರ್ ಜಾನ್ ಲೈಡನನು ಶ್ರೀರಂಗಪಟ್ಟಣದಲ್ಲಿ ಕಾಯಿಲೆ ಬಿದ್ದು, ಮರುವರ್ಷವೇ ಸಮುದ್ರತೀರವನ್ನು ಹುಡುಕಿಕೊಂಡು ಹೊರಟುಹೋದನು. ಇವೆಲ್ಲಕ್ಕಿಂತ ಹಿರಿದಾದ ನಷ್ಟವು ೧೮೦೩ರಲ್ಲಿ ಕಾವಲಿ ವೆಂಕಟ ಬೊರ್ರಯ್ಯನ ಮರಣದಿಂದ ಉಂಟಾಯಿತು. ಆ ಮಾತನ್ನು ಮುಂದೆ ಹೇಳುವೆನು.

ಇಂಥ ಸಂದರ್ಭದಲ್ಲಿ ಯಜಮಾನನಾದವನ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳು ತೋರುವುವು. ಇರುವ ಜನರಿಂದಲೇ ಎಲ್ಲವನ್ನೂ ಮಾಡಿಸುವೆನೆಂದು ಅವರನ್ನು ಗಾಣದ ಎತ್ತಿನಂತೆ ದುಡಿಸುವುದೊಂದು. ‘ಆಳಿಲ್ಲ, ಆದುದರಿಂದ ಕೆಲಸವಿಲ್ಲ’ವೆಂದು ಕೈಚೆಲ್ಲುವುದು ಮತ್ತೊಂದು. ಮೆಕೆಂಜಿಯು ಮೇಲಿನವರಿಗೆ ಬಿನ್ನಹಗಳನ್ನೂ ಆಕ್ಷೇಪಣೆಗಳನ್ನೂ ಬರೆದನು. ಆದರೆ ಉತ್ತರ ಬರುವವರೆಗೆ ಕೆಲಸವನ್ನು ನಿಲ್ಲಿಸಲಿಲ್ಲ. ಹಡಗಿನಲ್ಲಿ ಹೋದ ಕಾಗದಕ್ಕೆ ಲಂಡನ್ನಿನಿಂದ ಉತ್ತರ ಬರಲು ಒಂದು ವರ್ಷವೇ ಬೇಕಾಗುತ್ತಿದ್ದ ಕಾಲವದು. ಅವನು ಮಾಡಿದುದು ಕೆಲಸದ ಒಳಗನ್ನೇ ಬಿಡಿಸಿ ನೋಡಿ, ಯಾವುದನ್ನು ಯಾರು ಮಾಡಬಹುದೆಂದು ಹೊಸದಾಗಿ ಹಂಚಿದುದು. ಆ ಹಂಚಿಕೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಮೊದಲನೆಯದು, ಕೆಲಸದ ಅನುಕ್ರಮ. ಗಡಿಯ ವಿವಾದವು ನಾಳೆ ಜಗಳಕ್ಕೆ ಕಾರಣವಾದೀತು. ಗಿಡಮರಗಳ ವರ್ಣನೆಯು ಹತ್ತು ವರ್ಷ ತಡೆದರೂ ಕೆಡದು. ಆದುದರಿಂದ ಎಲ್ಲೆಗಳ ಅಳತೆಯು ಮುಂದಕ್ಕೂ ಪ್ರಕೃತಿಶಾಸ್ತ್ರದ ಭಾಗವು ಹಿಂದಕ್ಕೂ ಸರಿದುವು. ನಮ್ಮ ಉತ್ತರದ ಪರಗಣೆಗಳು ಅಳತೆಯಲ್ಲಿ ಮುಂಚೂಣಿಗೆ ಬಂದುದಕ್ಕೆ ಇದು ಕಾರಣ. ತನಗೆ ಪ್ರಿಯವಾದ ಭಾಗವನ್ನು ಹಿಂದಿಟ್ಟು, ಜನಕ್ಕೆ ತುರ್ತಾದ ಭಾಗವನ್ನು ಮುಂದಿಡುವುದು ಹೇಳುವಷ್ಟು ಸುಲಭವಲ್ಲವೆಂಬುದನ್ನು ಯಾವುದಾದರೊಂದು ಕಛೇರಿಯನ್ನು ನಡೆಸಿದವರೆಲ್ಲರೂ ಬಲ್ಲರು.

ಎರಡನೆಯದು, ಅಳತೆಯ ಕ್ರಮ. ದಾರಿಯುದ್ದಕ್ಕೂ ಸರಪಳಿಯನ್ನು ಎಳೆಯುತ್ತ ಹೋಗುವುದಾದರೆ ಸಾವಿರ ಆಳುಗಳೂ ಸಾಲರು. ತ್ರಿಕೋಣಕ್ರಮದಲ್ಲಿ ಹಾಗಲ್ಲ. ಸಮನಾದ ನೆಲದಲ್ಲಿ ಒಂದು ಆಧಾರರೇಖೆಯನ್ನು ಮಾತ್ರ ಬಹಳ ಎಚ್ಚರದಿಂದ ಅಳೆದು, ಅದರ ಎರಡು ತುದಿಗಳಿಂದ ದೂರದ ಬೆಟ್ಟದ ತುದಿಯೊಂದನ್ನು ನೋಡಿ ಕೋನಗಳನ್ನು ತೆಗೆದುಕೊಂಡರೆ, ಉಳಿದೆರಡು ಬಾಹುಗಳ ಉದ್ದವು ಕಾಗದದ ಮೇಲೆಯೇ ದೊರೆಯುವುದು. ಆ ಬಾಹುಗಳೇ ಮುಂದಿನ ತ್ರಿಕೋಣಕ್ಕೆ ಆಧಾರ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಹೆಜ್ಜೆಯಿಡುತ್ತ ಒಬ್ಬ ಅಧಿಕಾರಿಯು ಒಂದು ಸೀಮೆಯ ಎಲುಬುಗೂಡನ್ನು ನಿಲ್ಲಿಸಬಲ್ಲನು. ಬಯಲಿನ ನಡುವೆ ಒಂಟಿಯಾಗಿ ಎದ್ದುನಿಂತ ದುರ್ಗಗಳು ನಮ್ಮ ಸೀಮೆಯಲ್ಲಿರುವಷ್ಟು ಬೇರೆಡೆ ವಿರಳ. ಪಾಳೆಯಗಾರರಿಗೆ ಆಶ್ರಯವಾದ ಗುಣವೇ ಅಳೆಯುವವನಿಗೂ ಅನುಕೂಲವಾದ ಗುಣ. ಎಲುಬುಗೂಡು ನಿಂತಮೇಲೆ ಅದರೊಳಗೆ ಹಳ್ಳಿ, ಕೆರೆ, ಹಳ್ಳ, ದಾರಿಗಳನ್ನು ತುಂಬುವ ಕೆಲಸವು ಉಳಿಯಿತು. ಅದಕ್ಕೆ ಅಷ್ಟು ಗಣಿತವು ಬೇಡ. ತಾಳ್ಮೆಯೂ ಕಾಲುಗಳೂ ಬೇಕು.

ಆ ಕಾಲುಗಳನ್ನು ಒದಗಿಸಿದುದು ಮೂರನೆಯ ಏರ್ಪಾಡು. ಮದರಾಸಿನ ವೀಕ್ಷಣಾಲಯಕ್ಕೆ ಸೇರಿದಂತೆ ೧೭೯೪ರಲ್ಲಿ ಮೈಕೇಲ್ ಟಾಪಿಂಗನ ಸಲಹೆಯಂತೆ ಒಂದು ಮೋಜಣಿ ಪಾಠಶಾಲೆಯನ್ನು ತೆರೆದಿದ್ದರು. ಅನಾಥಾಲಯದಿಂದ ಆರಿಸಿದ ಹುಡುಗರು ಅಲ್ಲಿಯ ವಿದ್ಯಾರ್ಥಿಗಳು. ಬಹುಮಟ್ಟಿಗೆ ಯೂರೋಪಿಯನ್ ಸಿಪಾಯಿಗಳಿಗೆ ಈ ದೇಶದ ಸ್ತ್ರೀಯರಲ್ಲಿ ಹುಟ್ಟಿದ ಮಕ್ಕಳು. ಅವರಿಗೆ ಸೈನ್ಯದ ಉನ್ನತ ಪದವಿಗಳ ಬಾಗಿಲು ಮುಚ್ಚಿದ್ದಿತು; ಸಂಬಳವೂ ಅತ್ಯಲ್ಪ. ಮೆಕೆಂಜಿಯು ಇಂಥವರನ್ನು ತರಿಸಿಕೊಂಡು, ಕಾಡುಮೇಡುಗಳಲ್ಲಿ ತನ್ನ ಡೇರೆಯ ಪಕ್ಕದಲ್ಲಿಟ್ಟುಕೊಂಡು, ಮೊದಲು ನಕಲು ಮಾಡುವುದು, ಆಮೇಲೆ ದಾರಿಯಳೆಯುವ ಗಾಲಿಯನ್ನು ನಡೆಸುವುದು, ಆಮೇಲೆ ಹಲಗೆಯ ಮೇಲೆ ನಕ್ಷೆಯೆಳೆಯುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಲಿಸಿದನು. ಕಲಿಸುವ ಕಾಲದಲ್ಲಿ ಕೆಲಸವು ನಿಧಾನವಾದುದು ನಿಜ. ಆದರೆ ಮೇಲಿನ ಸಹಾಯಕರು ಒಬ್ಬೊಬ್ಬರಾಗಿ ಕಳಚಿಕೊಂಡಾಗ ಕ್ಷೇತ್ರದ ಕೆಲಸವನ್ನು ನಡೆಸಿದವರು ಈ ಹುಡುಗರೇ. ಆಳು ಕಡಮೆಯಾದಾಗ ಕಲಿಸುವುದಕ್ಕೆ ಬಿಡುವೆಲ್ಲಿ ಎಂದು ಕೇಳುವವರು ಇದನ್ನು ಗಮನಿಸಬೇಕು. ಬಿಡುವಿಲ್ಲವೆಂದು ಕಲಿಸದೆ ಇದ್ದಿದ್ದರೆ ೧೮೦೫ರ ಹೊತ್ತಿಗೆ ಈ ಮೋಜಣಿಯು ನಿಂತೇಹೋಗುತ್ತಿದ್ದಿತು.

ನಾಲ್ಕನೆಯದು ಪ್ರಶ್ನೆಗಳ ಪಟ್ಟಿ. ನೋಡಿದವನು ತನಗೆ ತೋರಿದುದನ್ನು ತೋರಿದಂತೆ ಬರೆದರೆ, ಅದನ್ನು ಇನ್ನೊಬ್ಬನು ಕೂಡಿಸಲಾರನು. ಆದುದರಿಂದ ಪ್ರತಿಯೊಂದು ಪರಗಣೆಗೂ ಒಂದೇ ಬಗೆಯ ಶೀರ್ಷಿಕೆಗಳನ್ನು ಗೊತ್ತುಮಾಡಿದರು. ಕಲಿತವನಾಗಲಿ ಕಲಿಯುತ್ತಿರುವವನಾಗಲಿ ಅದೇ ಪ್ರಶ್ನೆಗಳನ್ನು ಕೇಳಿ ಅದೇ ಅನುಕ್ರಮದಲ್ಲಿ ಉತ್ತರಗಳನ್ನು ತುಂಬಬೇಕು. ಒಬ್ಬನು ಕಾಯಿಲೆ ಬಿದ್ದರೆ ಅವನ ಪುಸ್ತಕವನ್ನು ಇನ್ನೊಬ್ಬನು ತೆಗೆದುಕೊಂಡು, ನಿಂತ ಕಡೆಯಿಂದ ಮುಂದುವರಿಸಬಹುದು. ಮೋಜಣಿಯ ಜನರು ಬೆಟ್ಟದ ಜ್ವರದಿಂದ ಆಗಾಗ ನರಳುತ್ತಿದ್ದುದರಿಂದ ಈ ಏರ್ಪಾಡಿನ ಬೆಲೆಯನ್ನು ಹೇಳಿ ತೀರದು.

ಐದನೆಯದೇ ನಮಗೆ ಎಲ್ಲಕ್ಕಿಂತ ಮುಖ್ಯವಾದುದು. ಚರಿತ್ರೆಯ ಸಂಗ್ರಹಕ್ಕೆ ಸರ್ಕಾರವು ಪ್ರತ್ಯೇಕವಾಗಿ ಯಾರನ್ನೂ ಕೊಟ್ಟಿರಲಿಲ್ಲ. ಮೆಕೆಂಜಿಗೆ ದೇಶಭಾಷೆಗಳಲ್ಲಿ ಪರಿಶ್ರಮವಿರಲಿಲ್ಲವೆಂಬುದನ್ನು ಅವನೇ ೧೮೧೭ರಲ್ಲಿ ತನ್ನ ಮಿತ್ರನಾದ ಅಲೆಗ್ಸಾಂಡರ್ ಜಾನ್‌ಸ್ಟನ್ನನಿಗೆ ಬರೆದ ಕಾಗದದಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಬೊರ್ರಯ್ಯನ ಪರಿಚಯವಾದಂದಿನಿಂದ ಹಿಂದೂ ವಿದ್ಯೆಗಳ ಹೆದ್ದಾರಿಯೇ ತನಗೆ ತೆರೆಯಿತೆಂಬುದು ಆ ಕಾಗದದ ತಾತ್ಪರ್ಯ. ಈ ಬೊರ್ರಯ್ಯನು ಏಲೂರಿನ ನಿಯೋಗಿ ಬ್ರಾಹ್ಮಣ. ಇನ್ನೂ ಇಪ್ಪತ್ತರ ಪ್ರಾಯದವನು. ಸಂಸ್ಕೃತ, ತೆಲುಗು, ಇಂಗ್ಲಿಷುಗಳನ್ನು ಬಲ್ಲವನು. ಮೋಜಣಿಯ ಡೇರೆಯು ಒಂದು ಊರಿಗೆ ಹೋಗುವುದಕ್ಕೆ ಮುಂಚೆಯೇ ಗುಮಾಸ್ತರು ಆ ಊರನ್ನು ಮುಟ್ಟುವರು. ಗೌಡನನ್ನೂ ಶಾನುಭೋಗನನ್ನೂ ದೇವಸ್ಥಾನದ ಅರ್ಚಕನನ್ನೂ ಕಂಡು, ಕುಶಲಪ್ರಶ್ನೆಗಳನ್ನು ಮಾಡಿ, ಭಯವನ್ನು ಬಿಡಿಸುವರು. ದಂಡಿನವರೆಂದರೆ ಓಡಿಹೋಗುತ್ತಿದ್ದ ಜನವು ಪಂಚೆಯುಟ್ಟ ಈ ವಿದ್ವಾಂಸರ ಮುಂದೆ ಕುಳಿತು ಮಾತನಾಡಿತು.

ಅವರು ಕೇಳಿದುದು ಶಾನುಭೋಗನ ಕಡತವನ್ನು. ಬಟ್ಟೆಗೆ ಹುಣಸೆಯ ಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು, ಒಣಗಿಸಿ, ಬೀಸಣಿಗೆಯ ಮಡಿಕೆಗಳಂತೆ ಮಡಿಸಿ, ಬಳಪದಿಂದ ಬರೆದ ಆ ಕರಿಯ ಪುಸ್ತಕಗಳನ್ನು ನಮ್ಮ ವಾಚಕರಲ್ಲಿ ಹಿರಿಯರಾದವರು ಕಂಡಿರಬಹುದು. ಊರಿನ ಕೆರೆಗಳು, ಕಂದಾಯ, ಮಾನ್ಯದ ಹೊಲಗಳು, ಯಾವ ಪಾಳೆಯಗಾರನು ಯಾವ ವರ್ಷ ಆಳಿದನು, ಯಾವ ದಂಡು ಯಾವಾಗ ಬಂದಿತು, ಇವುಗಳೆಲ್ಲ ಅದರಲ್ಲಿ ಇರುವುವು. ಅದನ್ನು ನೋಡಿಯೂ ಹಿರಿಯರನ್ನು ಕೇಳಿಯೂ ಬರೆಯಿಸಿದ ಹೇಳಿಕೆಯೇ ‘ಕೈಫಿಯತ್ತು’. ಇದರಲ್ಲಿರುವ ಯುಕ್ತಿಯನ್ನು ನೋಡಿರಿ: ಹತ್ತಾರು ಪಂಡಿತರನ್ನು ನೇಮಿಸಲು ಹಣವಿಲ್ಲ, ಆದರೆ ಪ್ರತಿಯೊಂದು ಊರಿನಲ್ಲಿಯೂ ಆ ಊರಿನ ಲೇಖಕನೊಬ್ಬನು ವಂಶಪರಂಪರೆಯಿಂದ ಕುಳಿತಿದ್ದಾನೆ. ಮೋಜಣಿಯು ತನಗಿಲ್ಲದ ಸಿಬ್ಬಂದಿಯನ್ನು ನಾಡಿನ ಹಳೆಯ ಏರ್ಪಾಡಿನಲ್ಲಿಯೇ ಕಂಡುಕೊಂಡಿತು. ದಿವಾನ್ ಪೂರ್ಣಯ್ಯನ ಆಡಳಿತದ ಅಮಲ್ದಾರರೂ ಶಾನುಭೋಗರೂ ಇಲ್ಲದೆ ಈ ಚರಿತ್ರೆಯ ಸಂಗ್ರಹವು ಒಂದು ಹೆಜ್ಜೆಯನ್ನೂ ಇಡಲಾರದಾಗಿದ್ದಿತು.

೧೮೦೩ರಲ್ಲಿ ಬೊರ್ರಯ್ಯನು ಮೂವತ್ತು ತುಂಬುವ ಮೊದಲೇ ತೀರಿಕೊಂಡಾಗ ಈ ಏರ್ಪಾಡೇ ಕುಸಿಯಬೇಕಾಗಿದ್ದಿತು. ಕುಸಿಯಲಿಲ್ಲವೇಕೆಂದರೆ ಅವನು ತನ್ನ ತಮ್ಮಂದಿರಿಗೆ ಅದನ್ನು ಕಲಿಸಿದ್ದನು. ಲಕ್ಷ್ಮಯ್ಯನು ಅಣ್ಣನ ಸ್ಥಾನದಲ್ಲಿ ನಿಂತು, ಊರೂರಿಗೆ ಹೋಗುವ ಗುಮಾಸ್ತರ ಕಾಗದಗಳನ್ನು ತರಿಸಿಕೊಂಡು, ಮುಂದಿನ ಹದಿನೆಂಟು ವರ್ಷಗಳವರೆಗೆ ಅದನ್ನು ನಡೆಸಿದನು. ೧೮೧೧ರಿಂದ ೧೮೧೩ರ ವರೆಗೆ ಯಜಮಾನನು ಜಾವಾದಲ್ಲಿದ್ದಾಗಲೂ ಸಂಗ್ರಹವು ನಿಲ್ಲಲಿಲ್ಲ. ಇನ್ನೊಬ್ಬ ಸೋದರನಾದ ರಾಮಸ್ವಾಮಿಯು ೧೮೨೯ರಲ್ಲಿ ದಕ್ಷಿಣದೇಶದ ಕವಿಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದನು. ಹಳಗನ್ನಡದ ಶಿಲಾಲಿಪಿಯನ್ನು ಓದುವ ಕೆಲಸದಲ್ಲಿ ಮಲೆಯೂರಿನ ಜೈನಪಂಡಿತ ಧರ್ಮಯ್ಯನು ನೆರವಾದನು. ಬಸದಿಗಳ ಶಾಸನಗಳು ತುಂಬಿರುವ ನಾಡಿನಲ್ಲಿ ಅವನ ಸಹಾಯವು ಎಂಥ ಬೆಲೆಯುಳ್ಳದ್ದೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಕಥೆಯು ಅರ್ಧವಾದೀತು. ಕಡಮೆ ಜನರಿಂದ ಹೆಚ್ಚು ಕೆಲಸವಾಯಿತೆಂದರೆ, ಆ ಹೆಚ್ಚಿನ ಭಾರವನ್ನು ಯಾರೋ ಹೊತ್ತಿದ್ದಾರೆಂದೇ ಅರ್ಥ. ಹಳ್ಳಿಯ ತಳವಾರನು ಎಲ್ಲೆಯನ್ನು ತೋರಿಸಲು ನಡೆದುದಕ್ಕೂ, ಶಾನುಭೋಗನು ಸುಗ್ಗಿಯ ದಿನಗಳಲ್ಲಿ ತನ್ನ ಲೆಕ್ಕವನ್ನು ಬಿಟ್ಟು ಕೈಫಿಯತ್ತನ್ನು ಬರೆಯಿಸಿದುದಕ್ಕೂ ಮೋಜಣಿಯ ಖರ್ಚಿನ ಪುಸ್ತಕದಲ್ಲಿ ಸಾಲುಗಳಿಲ್ಲ. ಡೈರೆಕ್ಟರುಗಳು ಉಳಿಸಿದ ಹಣವು ಒಂದರ್ಥದಲ್ಲಿ ನಮ್ಮ ಹಳ್ಳಿಗಳು ತೆತ್ತ ಹಣ. ಹುಡುಗರಾಗಿ ಬಂದು ಜ್ವರದ ಕಾಡುಗಳಲ್ಲಿ ಯೌವನವನ್ನು ಕಳೆದ ಮದರಾಸಿನ ಶಿಷ್ಯರಿಗೆ ಅಧಿಕಾರಿಗಳ ಸಂಬಳದ ಒಂದು ಅಲ್ಪಾಂಶ ಮಾತ್ರ ದೊರೆಯಿತು. ಕೆಲಸದ ಗುಣದಲ್ಲಿಯೂ ಕೊರತೆಗಳುಂಟಾದುವು. ಹೈನ್, ಲೈಡನರು ಬಿಟ್ಟುಹೋದ ಪ್ರಕೃತಿಶಾಸ್ತ್ರದ ಭಾಗವು ಯೋಜನೆಯಲ್ಲಿದ್ದಂತೆ ತುಂಬಲಿಲ್ಲ. ಕೈಫಿಯತ್ತುಗಳಲ್ಲಿ ಕಂಡದ್ದೂ ಕೇಳಿದ್ದೂ ಬಯಸಿದ್ದೂ ಬೆರೆತುಹೋಗಿವೆ. ಪಾಳೆಯಗಾರರ ವಂಶಾವಳಿಗಳಲ್ಲಿ ವರ್ಷಗಳು ಒಂದಕ್ಕೊಂದು ಹೊಂದುವುದಿಲ್ಲ. ಶೋಧಿಸಿ ನೋಡಲು ಸಾಕಷ್ಟು ಪಂಡಿತರಿದ್ದಿದ್ದರೆ ಇವುಗಳಲ್ಲಿ ಎಷ್ಟೋ ದೋಷಗಳು ಅಂದೇ ತಿದ್ದಲ್ಪಡುತ್ತಿದ್ದುವು.

ಆದರೂ ಕೆಲಸವು ಮುಗಿಯಿತು. ೧೮೦೮ರ ವೇಳೆಗೆ ೪೦,೦೦೦ ಚದರ ಮೈಲಿಗಳ ನಕ್ಷೆಗಳೂ, ಅವುಗಳ ವಿವರಣೆಯಾದ ಏಳು ದೊಡ್ಡ ಸಂಪುಟಗಳೂ ಸಿದ್ಧವಾದುವು. ಖರ್ಚನ್ನು ಕತ್ತರಿಸಿದ್ದ ಡೈರೆಕ್ಟರುಗಳೇ ೧೮೧೦ರಲ್ಲಿ ಮೆಕೆಂಜಿಯನ್ನು ಮನಃಪೂರ್ವಕವಾಗಿ ಹೊಗಳಿ ಬರೆದರು. ಮೈಸೂರಿನಲ್ಲಿ ಪಳಗಿದ ಶಿಷ್ಯರೇ ಮುಂದೆ ದತ್ತಮಂಡಲವನ್ನು ಅಳೆದರು. ನಮ್ಮ ಗಡಿಯ ಈಚೆಯನ್ನು ಅಳೆದ ಕೈಗಳೇ ಆಚೆಯನ್ನೂ ಅಳೆದುವು. ಮಾರ್ಕ್ ವಿಲ್ಕ್ಸನು ೧೮೧೦ರಿಂದ ಪ್ರಕಟಿಸಿದ ಮೈಸೂರಿನ ಚರಿತ್ರೆಗೆ ಈ ಸಂಗ್ರಹವು ಒಂದು ಆಕರವಾಯಿತು. ಮೆಕೆಂಜಿಯು ೧೮೧೫ರಲ್ಲಿ ಭಾರತದ ಮೊದಲನೆಯ ಸರ್ವೇಯರ್ ಜನರಲ್ ಆಗಿ, ೧೮೨೧ನೆಯ ಮೇ ೮ರಂದು ಕಲ್ಕತ್ತೆಯ ಸಮೀಪದಲ್ಲಿ ತೀರಿಕೊಂಡನು. ಸರ್ಕಾರವು ಅವನ ಸಂಗ್ರಹವನ್ನು ವಿಧವೆಯಿಂದ ಒಂದು ಲಕ್ಷ ರೂಪಾಯಿಗಳಿಗೆ ಕೊಂಡಿತು. ಎಚ್. ಎಚ್. ವಿಲ್ಸನನು ೧೮೨೮ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ಅದರಲ್ಲಿ ೧,೫೬೮ ಗ್ರಂಥಗಳೂ, ೨,೦೭೦ ಸ್ಥಳಚರಿತ್ರೆಗಳೂ, ೮,೦೭೬ ಶಾಸನಗಳ ಪ್ರತಿಗಳೂ, ೬,೨೧೮ ನಾಣ್ಯಗಳೂ ಇದ್ದುವು.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಥಾಮಸ್ ಹಿಕಿಯು ೧೮೧೬ರಲ್ಲಿ ಬರೆದ ಒಂದು ವರ್ಣಚಿತ್ರವಿದೆ. ನಡುವೆ ಕೆಂಪು ಅಂಗಿಯ ಮೆಕೆಂಜಿ. ಅವನ ಸುತ್ತ ಮೂವರು ಭಾರತೀಯರು. ತಾಳೆಯೋಲೆಯನ್ನು ಹಿಡಿದವನೊಬ್ಬ ಪಂಡಿತ, ಮತ್ತೊಬ್ಬ ಸಹಾಯಕ, ದೂರದರ್ಶಕವನ್ನು ಹಿಡಿದ ಜವಾನನೊಬ್ಬ. ಪಂಡಿತನು ಧರ್ಮಯ್ಯನೆಂದೂ, ಸಹಾಯಕನು ಲಕ್ಷ್ಮಯ್ಯನೆಂದೂ, ಜವಾನನು ಕೃಷ್ಣಾಜಿಯೆಂದೂ ಹೇಳುವರು. ಹಿಂದೆ ದೂರದಲ್ಲಿ ಕಾರ್ಕಳದ ಗೊಮ್ಮಟನು ಕಾಣುವನು. ಅಳೆಯುವವನೂ ಓದುವವನೂ ಉಪಕರಣವನ್ನು ಹೊರುವವನೂ ಒಂದೇ ಚೌಕಟ್ಟಿನಲ್ಲಿ ನಿಂತಿರುವ ಇಂಥ ಚಿತ್ರವು ಆ ಕಾಲದಲ್ಲಿ ಅಪರೂಪ.

ಆದರೆ ಚೌಕಟ್ಟಿನ ಹೊರಗೆ ಅವರಿಗೆ ಅಂಥ ಸ್ಥಾನವು ದೊರೆಯಲಿಲ್ಲ. ಯಜಮಾನನ ಮರಣಾನಂತರ ಸಂಗ್ರಹವನ್ನು ಮುಂದುವರಿಸಲು ತನಗೆ ಅವಕಾಶ ಕೊಡಬೇಕೆಂದು ಲಕ್ಷ್ಮಯ್ಯನು ಬಿನ್ನವಿಸಿಕೊಂಡನು. ೧೮೩೬ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯು, ಜೇಮ್ಸ್ ಪ್ರಿನ್ಸೆಪನ ಕಾಲದಲ್ಲಿ, ಈತನ ಯೋಗ್ಯತೆಯು ಅಂಥ ಕೆಲಸಕ್ಕೆ ಸಾಲದೆಂದು ಅಭಿಪ್ರಾಯಪಟ್ಟು ಬಿನ್ನಹವನ್ನು ತಳ್ಳಿಹಾಕಿತು. ಸಂಗ್ರಹದ ಪರಿಶೀಲನೆಯು ಪಾದ್ರಿ ವಿಲಿಯಂ ಟೇಲರನ ಪಾಲಾಯಿತು. ಕೈ ಸಾಲದ ಕಾಲದಲ್ಲಿ ಹದಿನೆಂಟು ವರ್ಷ ಆ ಕೆಲಸವನ್ನು ನಡೆಸಿದವನು, ಕೈಗಳು ದೊರೆತ ಕಾಲದಲ್ಲಿ ಅಯೋಗ್ಯನೆನಿಸಿದನು. ಟೇಲರನ ಶ್ರಮವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಕಷ್ಟದ ದಿನಗಳಲ್ಲಿ ಭಾರ ಹೊತ್ತವರನ್ನು ಸುಖದ ದಿನಗಳಲ್ಲಿ ಮರೆಯುವ ಕಛೇರಿಗೆ, ಮತ್ತೊಮ್ಮೆ ಕಷ್ಟ ಬಂದಾಗ ಹೊರುವವರು ಎಲ್ಲಿಂದ ಬರುವರೆಂಬ ಪ್ರಶ್ನೆಯನ್ನು ಕೇಳದಿರುವುದು ಹೇಗೆ?

ದಕ್ಷಿಣದ ಭಾಷೆಗಳ ಗ್ರಂಥಗಳು ಮದರಾಸಿಗೆ ಮರಳಿ, ಅಲ್ಲಿಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರಕ್ಕೆ ಮೂಲಧನವಾದುವು. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ‘ಕರ್ನಾಟಕದ ಕೈಫಿಯತ್ತುಗಳು’ ಎಂಬ ಹೆಸರಿನಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ೧೯೯೪ರಲ್ಲಿ ಹೊರತಂದರು. ಅಷ್ಟರೊಳಗೆ ರೈಸನು ತುಮಕೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟವಾಗಿ ೧೯೦೪ರಲ್ಲಿ ಪ್ರಕಟಿಸಿದ್ದನು, ನಿಡುಗಲ್ಲಿನ ಅರಸರ ಹೆಸರುಗಳು ಲೋಕಕ್ಕೆ ತಿಳಿದುದು ಅದರಿಂದ. ರೈಸನ ಇಲಾಖೆಯೂ ಚಿಕ್ಕದೇ. ಅವನ ಹಿಂದೆಯೂ ಹಳ್ಳಿ ಹಳ್ಳಿಯಲ್ಲಿ ಕಲ್ಲಿನ ಅಚ್ಚನ್ನು ತೆಗೆದ ಪಂಡಿತರಿದ್ದರು.

ಕೊನೆಯದಾಗಿ ಒಂದು ಮಾತು. ಶಾನುಭೋಗಿಕೆಯ ವಂಶಪಾರಂಪರ್ಯದ ಹುದ್ದೆಯು ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾನೂನಿನಿಂದ ಕೊನೆಗೊಂಡಿತು. ಆ ಹುದ್ದೆಯೊಡನೆ ಬಂದಿದ್ದ ಕಡತಗಳಲ್ಲಿ ಕೆಲವು ಕಛೇರಿಗೆ ಸೇರಿದುವು. ಕೆಲವು ಮನೆಯ ಅಟ್ಟಗಳಲ್ಲಿ ಉಳಿದುವು. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿಯೇ ಅಂಥ ಅಟ್ಟಗಳು ಒಂದೆರಡಾದರೂ ಇದ್ದಾವು. ನಮ್ಮ ಜಿಲ್ಲೆಯ ಚರಿತ್ರೆಯನ್ನು ಕೂಡಿಸುವುದಕ್ಕೆ ಹಣವಿಲ್ಲ, ಜನವಿಲ್ಲವೆಂದು ನಾವು ಸಭೆಸಭೆಗಳಲ್ಲಿ ಹೇಳಿಕೊಳ್ಳುತ್ತಿರುವೆವು. ಮೆಕೆಂಜಿಯ ಬಳಿಯೂ ಅವೆರಡೂ ಇರಲಿಲ್ಲ. ಅವನ ಬಳಿ ಇದ್ದುದು ಒಂದು ಪ್ರಶ್ನೆಗಳ ಪಟ್ಟಿ, ಕಲಿಸುವ ತಾಳ್ಮೆ, ಊರಿನಲ್ಲಿ ಕುಳಿತ ಲೇಖಕನಲ್ಲಿ ನಂಬಿಕೆ. ಒಬ್ಬೊಬ್ಬರು ತಮ್ಮ ತಮ್ಮ ಊರಿನ ಕೆರೆಯ ಹೆಸರನ್ನೂ, ತೂಬಿನ ಕಲ್ಲಿನ ಬರಹವನ್ನೂ, ಮನೆಯ ಕಡತದ ಒಂದು ಮಡಿಕೆಯನ್ನೂ ನಕಲು ಮಾಡಿ ಕಳುಹಿಸಿದರೆ ಸಾಕು. ಬರೆದವರ ಹೆಸರನ್ನು ನಕಲಿನ ಕೆಳಗೆ ತಪ್ಪದೆ ಬರೆದಿಡುವುದು ಮಾತ್ರ ನಮ್ಮ ಹೊಣೆಯಾಗಿರಲಿ. ಬೊರ್ರಯ್ಯ, ಲಕ್ಷ್ಮಯ್ಯರಿಗೂ, ಹೆಸರುಳಿಯದ ನಮ್ಮ ಶಾನುಭೋಗರಿಗೂ ಸಲ್ಲಬೇಕಾದ ಸಾಲವನ್ನು ತೀರಿಸಲು ಇದಕ್ಕಿಂತ ಬೇರೆ ದಾರಿಯು ನನಗೆ ತೋರದು.